ಜಪಾನಿನ ಕ್ರೈಸ್ತ ಸಭೆಯವರ ಮನೆಗಳಲ್ಲಿ ಅತಿಥಿಗಳಾಗಿ ಇರುವುದು ಹೇಗೆ? ಸೇವಾಯಾತ್ರೆಗೆ ಹೊರಟವರ ಪ್ರಶ್ನೆ

ಯುವಜನ ಕೂಟದ ಸಂಚಾಲಕಿ, ಬೆಂಗಳೂರು

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನಮ್ಮ ಸಭೆಯ ಯುವಜನರ ಒಂದು ಚಿಕ್ಕ ತಂಡ ಬರುವ ವಸಂತದಲ್ಲಿ ಜಪಾನಿಗೆ ಸೇವಾಯಾತ್ರೆ ಹೊರಟಿದೆ. ಮೊದಲು ಟೋಕಿಯೋ ಹೊರವಲಯದ ಒಂದು ಪ್ರೊಟೆಸ್ಟಂಟ್ ಸಭೆಯೊಂದಿಗೆ ಇದ್ದು, ಆಮೇಲೆ ಈಶಾನ್ಯದ ಮಿಯಾಗಿ ಪ್ರಾಂತ್ಯಕ್ಕೆ ಹೋಗುತ್ತೇವೆ. ಮಕ್ಕಳೊಂದಿಗೆ ಹಾಡು, ವೃದ್ಧರ ಭೇಟಿ, ಸಭೆಯ ಅಂಗಳದ ಕೆಲಸ, ಭಾನುವಾರದ ಆರಾಧನೆಯಲ್ಲಿ ಎರಡು ಗೀತೆ, ಇವು ನಮ್ಮ ಪಾಲಿಗೆ ಬಂದಿರುವ ಕೆಲಸಗಳು.

ಕಡಿಮೆ ಖರ್ಚಿನ ಹೋಟೆಲಿನಲ್ಲಿ ಉಳಿದುಕೊಳ್ಳುತ್ತೇವೆಂದು ನಾವು ಬರೆದಾಗ ಅಲ್ಲಿನ ಸಭಾಪಾಲಕರು ಒಪ್ಪಲಿಲ್ಲ. ಇಬ್ಬಿಬ್ಬರನ್ನು ಒಂದೊಂದು ಮನೆಯವರು ಇರಿಸಿಕೊಳ್ಳುವುದೆಂದು ಆಗಲೇ ನಿಶ್ಚಯವಾಗಿತ್ತು. ನಮ್ಮ ವೀಸಾಕ್ಕೆ ಬೇಕಾದ ಆಹ್ವಾನಪತ್ರ, ದಿನದಿನದ ವೇಳಾಪಟ್ಟಿ, ಖಾತರಿಪತ್ರ ಎಲ್ಲವನ್ನೂ ಸಿದ್ಧಪಡಿಸಿ ಕಳುಹಿಸಿದವರೂ ಅವರೇ. ಕಳೆದ ವಾರ ಬಂದ ಪ್ರಶ್ನಾವಳಿಯಲ್ಲಿ ನಮಗೆ ಒಗ್ಗದ ಆಹಾರ ಯಾವುದು, ನೆಲದ ಮೇಲೆ ಮಲಗಬಲ್ಲೆವೇ, ಬೆಕ್ಕು ಇರುವ ಮನೆಯಾದರೆ ತೊಂದರೆಯೇ ಎಂದೆಲ್ಲ ಕೇಳಿದ್ದಾರೆ. ಓದಿ ಸಂತೋಷವಾಯಿತು, ಜೊತೆಗೆ ಸಂಕೋಚವೂ ಆಯಿತು. ಸೇವೆ ಸಲ್ಲಿಸಲು ಹೊರಟಿರುವ ನಾವು ಸೇವೆ ಮಾಡಿಸಿಕೊಂಡು ಬರುತ್ತೇವೆಯೇ ಎಂಬುದು ನಮ್ಮ ತಂಡದಲ್ಲಿ ಹಲವರ ಪ್ರಶ್ನೆ. ಆ ಆತಿಥ್ಯವನ್ನು ಮನಸಾರೆ ಅನುಭವಿಸುತ್ತಲೇ ಅವರಿಗೆ ಭಾರವಾಗದಂತೆ ಇರುವ ಬಗೆಯನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ನಿಶಿಕಸಾಯಿ ನಿವಾಸಿ, ಟೋಕಿಯೋ

ಸಹೋದರಿ, ನಾನು ಎಡೊಗಾವಾ ವಾರ್ಡಿನಲ್ಲಿ ಬಹುಕಾಲದಿಂದ ಇದ್ದೇನೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದವನು ಮನೆಯ ಸಮೀಪದ ಒಂದು ಜಪಾನೀ ಸಭೆಗೆ ಸೇರಿದೆ. ಹೊರದೇಶಗಳಿಂದ ಬರುವ ತಂಡಗಳನ್ನು ನಮ್ಮ ಸಭೆ ಬರಮಾಡಿಕೊಳ್ಳುವಾಗ ಅಡುಗೆಮನೆಯ ಕಡೆಯಲ್ಲಿ ನಿಂತು ನೋಡಿದವನಾದ್ದರಿಂದ, ಅತಿಥಿಗಳಿಗೆ ಕಾಣದಿರುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಜಪಾನಿನ ಜನಸಂಖ್ಯೆಯಲ್ಲಿ ಕ್ರೈಸ್ತರು ಸುಮಾರು ನೂರಕ್ಕೆ ಒಬ್ಬರು ಮಾತ್ರ. ಭಾನುವಾರ ಮೂವತ್ತು ನಲವತ್ತು ಮಂದಿ ಕೂಡಿದರೆ ಅದನ್ನು ಇಲ್ಲಿ ಯಾರೂ ಸಣ್ಣ ಸಭೆ ಎನ್ನುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಎಪ್ಪತ್ತು ದಾಟಿದವರು. ಬಾಗಿಲಲ್ಲಿ ಮೇಜು ಹಾಕಿ ನಿಮ್ಮ ಹೆಸರು ಬರೆದುಕೊಂಡು ಗೀತೆಪುಸ್ತಕವನ್ನು ಕೈಗಿಡುವವರು, ಪ್ರಕಟಣೆಯ ಹೊತ್ತಿನಲ್ಲಿ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ ಸಭೆಗೆ ಪರಿಚಯಿಸುವವರು, ಆರಾಧನೆ ಮುಗಿದ ಕೂಡಲೇ ಕುರ್ಚಿಗಳನ್ನು ಸರಿಸಿ ಮೇಜು ಜೋಡಿಸಿ ಕರಿ ರೈಸನ್ನೋ ಉದೊನ್ ನೂಡಲ್ಸನ್ನೋ ಬಡಿಸುವವರು ಎಲ್ಲರೂ ಬಹುತೇಕ ಅದೇ ಐದಾರು ಜನ. ನಿಮ್ಮ ತಂಡ ಬರುತ್ತದೆಂದರೆ ಆ ಐದಾರು ಜನ ಒಂದು ತಿಂಗಳಿಂದ ಕೂಡಿ ಕುಳಿತು ಯಾರ ಮನೆಯಲ್ಲಿ ಯಾರು, ಯಾವ ರೈಲಿಗೆ ಯಾರು ಬಂದು ಕರೆದೊಯ್ಯುವುದು ಎಂದು ಬರೆದಿಟ್ಟಿರುತ್ತಾರೆ. ಆದ್ದರಿಂದ ವೇಳಾಪಟ್ಟಿಯಲ್ಲಿ 9 ಗಂಟೆ 40 ನಿಮಿಷವೆಂದಿದ್ದರೆ ಅದರ ಹಿಂದೆ ಒಬ್ಬ ಅಜ್ಜಿ 9 ಗಂಟೆ 30 ನಿಮಿಷದಿಂದಲೇ ನಿಲ್ದಾಣದ ಟಿಕೆಟ್ ಗೇಟಿನ ಬಳಿ ನಿಂತಿದ್ದಾರೆಂದು ತಿಳಿಯಿರಿ. ಸಮಯಕ್ಕೆ ಸರಿಯಾಗಿ ಇರುವುದೇ ನೀವು ಅವರಿಗೆ ಕೊಡಬಹುದಾದ ಮೊದಲ ಕಾಣಿಕೆ.

ಮನೆಯೊಳಗಿನ ರೀತಿಗಳು ನಿಮಗೆ ಕಷ್ಟವಾಗಲಾರವು. ಚಪ್ಪಲಿಯನ್ನು ಹೊರಗೆ ಬಿಡುವುದು ನಮಗೆ ಹೊಸತಲ್ಲ. ಹೊಸ್ತಿಲ ಬಳಿ ಬಿಟ್ಟ ಪಾದರಕ್ಷೆಯನ್ನು ಬಾಗಿಲ ಕಡೆಗೆ ತಿರುಗಿಸಿ ಜೋಡಿಸಿಡಬೇಕು. ಒಳಗೆ ಕೊಡುವ ಸ್ಲಿಪ್ಪರನ್ನು ತತಾಮಿ ಚಾಪೆಯ ಕೋಣೆಗೆ ಕಾಲಿಡುವ ಮೊದಲು ಕಳಚಬೇಕು. ಶೌಚಾಲಯಕ್ಕೆ ಬೇರೆಯೇ ಸ್ಲಿಪ್ಪರ್ ಇರುತ್ತದೆ, ಅದು ಅಲ್ಲಿಯೇ ಉಳಿಯಬೇಕು. ಬೆಳಿಗ್ಗೆ ಎದ್ದ ಮೇಲೆ ಹಾಸಿಗೆಯನ್ನು ಮಡಚಿ ಒಂದು ಬದಿಗೆ ಇಡಿ.

ಸ್ನಾನದ ವಿಷಯವನ್ನು ಮಾತ್ರ ಚೆನ್ನಾಗಿ ತಿಳಿದುಕೊಂಡು ಬನ್ನಿ. ಜಪಾನೀ ಮನೆಯಲ್ಲಿ ಸಂಜೆ ತೊಟ್ಟಿ ತುಂಬ ಬಿಸಿನೀರು ಸಿದ್ಧವಾಗುತ್ತದೆ, ಆ ಒಂದೇ ನೀರಿನಲ್ಲಿ ಮನೆಯವರೆಲ್ಲರೂ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ಅತಿಥಿಗೆ ಮೊದಲ ಸರದಿ. ಮಂಡಿ ನೋವಿನ ಹಿರಿಯರೂ ಮರುದಿನ ಕೆಲಸಕ್ಕೆ ಹೋಗಬೇಕಾದ ಮಗನೂ ನಿಮ್ಮದಾಗುವವರೆಗೆ ಕಾಯುತ್ತಾರೆ. ತೊಟ್ಟಿಯ ಹೊರಗಿನ ಸಣ್ಣ ಸ್ಟೂಲಿನ ಮೇಲೆ ಕುಳಿತು ಸಾಬೂನಿನಿಂದ ಪೂರ್ತಿ ತೊಳೆದುಕೊಂಡು, ನೊರೆಯೆಲ್ಲ ಹೋದ ಮೇಲೆ ತೊಟ್ಟಿಗೆ ಇಳಿಯಬೇಕು. ಎದ್ದ ಮೇಲೆ ಮುಚ್ಚಳವನ್ನು ಮುಚ್ಚಿ ಬರಬೇಕು, ನೀರನ್ನು ಹರಿಯಬಿಡಬಾರದು. ಇಷ್ಟನ್ನು ಪಾಲಿಸಿದರೆ ಆ ಬಿಸಿನೀರಿನಷ್ಟು ಹಿತವಾದ ಸತ್ಕಾರ ಮತ್ತೊಂದಿಲ್ಲ. ದಿನವಿಡೀ ಭಾಷೆ ತಿಳಿಯದೆ ದಣಿದವನಿಗೆ ಅಲ್ಲಿ ಕುಳಿತಾಗ, ತನ್ನನ್ನು ಈ ಮನೆಯವರು ತಮ್ಮವನೆಂದು ಎಣಿಸಿದ್ದಾರೆಂಬುದು ಮಾತಿಲ್ಲದೆ ತಿಳಿಯುತ್ತದೆ. ಮೊದಲ ಸರದಿ ನನಗೆ ಬೇಡವೆಂದು ಹಟ ಹಿಡಿಯಬೇಡಿ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿ ಬನ್ನಿ, ಅಷ್ಟು ಸಾಕು.

ಊಟದಲ್ಲಿ ಎರಡು ಸಂಗತಿಗಳನ್ನು ನೆನಪಿಡಿ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಬಾರದು. ಎರಡೂ ಸಾವಿನ ಆಚರಣೆಗಳಿಗೆ ಸೇರಿದವು. ಉಳಿದುದನ್ನು ಅವರು ನಗುತ್ತಾ ಕಲಿಸುತ್ತಾರೆ.

ಧಾರವಾಡದ ಓದುಗ

ಮೇಲಿನ ವಿವರಗಳು ಉಪಯುಕ್ತವೇ. ಆದರೂ ಮೂಲಭೂತವಾದ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆ. ಎಪ್ಪತ್ತು ದಾಟಿದ ಐದಾರು ಜನ ಒಂದು ತಿಂಗಳು ದಣಿಯಬೇಕೆಂದಿದ್ದರೆ, ಎರಡು ಗೀತೆ ಹಾಡಿ ಅಂಗಳ ಗುಡಿಸುವ ತಂಡವನ್ನು ಅಲ್ಲಿಗೆ ಕಳುಹಿಸುವುದರ ಅರ್ಥವೇನು? ವಿಮಾನದ ಖರ್ಚನ್ನು ಹಾಗೆಯೇ ಆ ಸಭೆಗೆ ಕಳುಹಿಸಿದರೆ ಅವರ ಕಟ್ಟಡದ ದುರಸ್ತಿಗೋ ಸಭಾಪಾಲಕರ ಸಂಬಳಕ್ಕೋ ಆಗುತ್ತದಲ್ಲವೇ? ಸೇವೆಯೆಂಬ ಹೆಸರಿನಲ್ಲಿ ನಮ್ಮ ಯುವಜನರು ಸುಂದರವಾದ ದೇಶವೊಂದರಲ್ಲಿ ಉಪಚಾರ ಪಡೆದು ಬರುವುದನ್ನು ಸೇವೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾರ ಮನಸ್ಸನ್ನೂ ನೋಯಿಸಲು ಇದನ್ನು ಬರೆಯುತ್ತಿಲ್ಲ, ಉತ್ತರವನ್ನು ನಿಜವಾಗಿಯೂ ಬಯಸುತ್ತೇನೆ.

ನಿವೃತ್ತ ಸಭಾಪಾಲಕ, ಮಂಗಳೂರು

ಧಾರವಾಡದ ಸಹೋದರರ ಪ್ರಶ್ನೆ ನ್ಯಾಯವಾದದ್ದು. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ಕಳುಹಿಸಲ್ಪಟ್ಟವನು ಕೊಡುವವನು, ಬರಮಾಡಿಕೊಳ್ಳುವವನು ಪಡೆಯುವವನು ಎಂಬ ಊಹೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹಣದ ಚೀಲವನ್ನೂ ಹಸಿಬೆಯನ್ನೂ ಬಿಟ್ಟು ಹೋಗಿರೆಂದು ಹೇಳುತ್ತಾನೆ. ಮನೆಯಿಂದ ಮನೆಗೆ ಹೋಗದೆ ಒಂದೇ ಮನೆಯಲ್ಲಿದ್ದು, ಮುಂದಿಟ್ಟದ್ದನ್ನು ಊಟಮಾಡಿರೆಂದು ಆಜ್ಞಾಪಿಸುತ್ತಾನೆ. ಇಲ್ಲಿ ಅತಿಥಿಯಾಗಿರುವುದು ಕೆಲಸದ ನಡುವಿನ ವಿರಾಮವಲ್ಲ, ಕೆಲಸದ ಒಂದು ಅಂಗ. ಬೇರೊಬ್ಬರ ಮನೆಯ ಅನ್ನವನ್ನು ಅವರ ರೀತಿಯಲ್ಲಿ ಉಣ್ಣಲಾರದವನು ಅವರೊಂದಿಗೆ ಏನನ್ನು ಹಂಚಿಕೊಂಡಾನು?

ಜಪಾನಿನಲ್ಲಿ ಕ್ರೈಸ್ತ ಸಾಕ್ಷಿಯ ಆರಂಭವೂ ಇಂಥ ಆತಿಥ್ಯದಲ್ಲಿಯೇ ಆಯಿತು, ಅದರ ಒಂದು ಎಳೆ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಕಾಗೋಶಿಮಾದ ಅಂಜಿರೋ ಎಂಬಾತ 1548ರಲ್ಲಿ ಗೋವೆಯಲ್ಲಿ ದೀಕ್ಷಾಸ್ನಾನ ಪಡೆದನು. ಮರುವರ್ಷ, 1549ರ ಆಗಸ್ಟ್ 15ರಂದು, ಯೇಸುಸಭೆಯ ಪಾದ್ರಿ ಫ್ರಾನ್ಸಿಸ್ ಸೇವಿಯರ್ ಅವನೊಂದಿಗೆ ಕಾಗೋಶಿಮಾದಲ್ಲಿ ಇಳಿದಾಗ ಅಂಜಿರೋನ ಮನೆಯವರು ಮತ್ತು ಬಂಧುಗಳೇ ಅವರನ್ನು ಬರಮಾಡಿಕೊಂಡರು. ಅದೇ ಊರಿನ ಫುಕುಶೋಜಿ ಎಂಬ ಜೆನ್ ಬೌದ್ಧ ಮಠದ ವೃದ್ಧ ಗುರು ನಿನ್‌ಶಿತ್ಸು ಸೇವಿಯರ್ ಅವರೊಂದಿಗೆ ಸ್ನೇಹದಿಂದ ಚರ್ಚಿಸುತ್ತಿದ್ದರು. ಆ ಗುರು ಮತವನ್ನು ಬದಲಿಸಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ. 1551ರಲ್ಲಿ ಯಮಾಗುಚಿಯ ಪ್ರಭು ಓಉಚಿ ಯೋಶಿತಾಕಾ ಬರಿದಾಗಿದ್ದ ಒಂದು ಬೌದ್ಧ ದೇವಾಲಯವನ್ನೇ ಸೇವಿಯರ್ ಅವರ ವಾಸಕ್ಕೂ ಬೋಧನೆಗೂ ಕೊಟ್ಟನು. ಸೇವಿಯರ್ ಭಾಷೆಯನ್ನು ಅರೆಬರೆ ಬಲ್ಲವರಾಗಿದ್ದರು, ಹೇಳಲು ಅವರಿಗೆ ಮಾತು ಸಾಲುತ್ತಿರಲಿಲ್ಲ. ಆ ಎರಡು ವರ್ಷಗಳ ಕೆಲಸ ನಿಂತದ್ದು ಜಪಾನೀಯರು ಕೊಟ್ಟ ನೆರಳಿನಲ್ಲಿ.

ಇನ್ನೊಬ್ಬರನ್ನೂ ನೆನೆಯಬೇಕು. ಮುಂಬಯಿಯ ಸಮೀಪದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಜಪಾನಿನಲ್ಲಿ ವ್ಯಾಪಾರಿಯಾಗಿ ಬಾಳಿ, ಜನರ ಭಾಷೆಯನ್ನು ಚೆನ್ನಾಗಿ ಕಲಿತು, ಮುಂದೆ ಫ್ರಾನ್ಸಿಸ್ಕನ್ ಸನ್ಯಾಸಿ ಸಂಘದ ಸಹೋದರನಾಗಿ ಪಾದ್ರಿಗಳಿಗೆ ದುಭಾಷಿಯಾದರು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ದಿಣ್ಣೆಯ ಮೇಲೆ ಶಿಲುಬೆಗೇರಿಸಲಾದ 26 ಮಂದಿಯಲ್ಲಿ ಅವರೂ ಒಬ್ಬರು. 1862ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ನಿಮ್ಮ ತಂಡದ ಮಾತನ್ನು ದಿನವಿಡೀ ಜಪಾನೀ ಭಾಷೆಗೆ ತಿರುಗಿಸುವ ಸಹೋದರ ಅಥವಾ ಸಹೋದರಿಯನ್ನು ಗೌರವಿಸುವುದನ್ನು ಮರೆಯಬೇಡಿ. ಊಟದ ಮೇಜಿನಲ್ಲಿ ಎಲ್ಲರೂ ಉಣ್ಣುವಾಗ ದುಭಾಷಿಗೆ ಉಣ್ಣಲು ಬಿಡುವೇ ಸಿಗುವುದಿಲ್ಲ. ನಡುನಡುವೆ ಮೌನವಾಗಿದ್ದು ಅವರಿಗೂ ತುತ್ತು ಇಳಿಯುವಂತೆ ನೋಡಿಕೊಳ್ಳಿ.

ನಾಗಸಾಕಿಗೆ ಹೋಗುವ ಅವಕಾಶವಾದರೆ ಓಉರಾ ಚರ್ಚನ್ನು ನೋಡಿ. ಕ್ರೈಸ್ತ ಮತದ ಮೇಲಿನ 1614ರ ನಿಷೇಧದ ನಂತರ ಏಳು ತಲೆಮಾರು ಗುಟ್ಟಾಗಿ ಪ್ರಾರ್ಥಿಸುತ್ತಿದ್ದ ಸಮೀಪದ ಉರಕಾಮಿ ಹಳ್ಳಿಯ ರೈತರು 1865ರ ಮಾರ್ಚ್ 17ರಂದು ಅಲ್ಲಿಗೆ ಬಂದು, ತಾವೂ ಅದೇ ನಂಬಿಕೆಯವರೆಂದು ಪಾದ್ರಿ ಪೆಟಿಜೀನ್ ಅವರಿಗೆ ಮೆಲ್ಲನೆ ತಿಳಿಸಿದರು. ಆ ತಿಳಿಸುವಿಕೆಗೆ ಬೆಲೆಯನ್ನೂ ತೆತ್ತರು. ಮುಂದಿನ ವರ್ಷಗಳಲ್ಲಿ ಆ ಊರಿನ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದೂರದ ಪ್ರಾಂತ್ಯಗಳಿಗೆ ಗಡೀಪಾರು ಮಾಡಲಾಯಿತು, 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದ ಮೇಲೆಯೇ ಉಳಿದವರು ಮರಳಿದರು. ನಿಮ್ಮನ್ನು ಬರಮಾಡಿಕೊಳ್ಳುವ ಚಿಕ್ಕ ಸಭೆಯ ಹಿಂದೆ ಈ ಇತಿಹಾಸವಿದೆ. ಅವರಿಗೆ ಕಲಿಸಲು ಹೋಗುತ್ತೇವೆಂಬ ಭಾವನೆಯನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಹೊರಡಿ.

ಸೆಂದಾಯಿಯ ಹಳೆಯ ವಿದ್ಯಾರ್ಥಿನಿ, ಈಗ ಶಿವಮೊಗ್ಗ

ಮಿಯಾಗಿಗೆ ಹೋಗುವುದಾಗಿ ಬರೆದಿರುವುದರಿಂದ ಇದನ್ನು ಹೇಳಬೇಕೆನಿಸಿತು. ನಾನು ಅಲ್ಲಿನ ಸೆಂದಾಯಿ ನಗರದಲ್ಲಿ ಓದುತ್ತಿದ್ದ ದಿನಗಳಲ್ಲಿ, 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಲ್ಲಿ ಮನೆ ಕಳೆದುಕೊಂಡವರ ತಾತ್ಕಾಲಿಕ ವಸತಿಗಳಿಗೆ ಒಂದು ಸಭೆಯವರೊಂದಿಗೆ ಹೋಗುತ್ತಿದ್ದೆ. ಆ ದುರಂತದಲ್ಲಿ 18,000ಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು. ನಮ್ಮ ದೇಶದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 46 ಮಂದಿ ಆಗ ಮಿಯಾಗಿಯ ಓನಾಗಾವಾ ಪಟ್ಟಣದಲ್ಲಿ ಶೋಧಕಾರ್ಯ ಮಾಡಿದ್ದರು. ನೀವು ಆ ಕರಾವಳಿಗೆ ಹೋದರೆ ಇದು ತಿಳಿದಿರಲಿ.

ನಮಗೆ ಅಲ್ಲಿ ಕಂಡದ್ದೇನೆಂದರೆ, ಎಲ್ಲವನ್ನೂ ಕಳೆದುಕೊಂಡವರು ಮೊದಲು ಮಾಡಿದ ಕೆಲಸ ಬಂದವರಿಗೆ ಚಹಾ ಕೊಡುವುದು. ಸುಮಾರು 30 ಚದರ ಮೀಟರಿನ ಆ ಮನೆಗಳಲ್ಲಿ ಒಬ್ಬ ಅಜ್ಜಿ ನಮ್ಮನ್ನು ಕೂರಿಸಿ, ಹಸಿರು ಚಹಾ ಬಗ್ಗಿಸಿ, ತಾವೇ ಹಾಕಿದ ಮೂಲಂಗಿಯ ಉಪ್ಪಿನಕಾಯಿಯನ್ನು ಮುಂದಿಡುತ್ತಿದ್ದರು. ಲೋಟ ಬರಿದಾದ ಕೂಡಲೇ ಮತ್ತೆ ತುಂಬುತ್ತಿದ್ದರು. ಹೀಗೆ ನೆರೆಹೊರೆಯವರು ಕೂಡಿ ಚಹಾ ಕುಡಿಯುವುದಕ್ಕೆ ಆ ಸೀಮೆಯವರು ಒಚಕ್ಕೊ ಎನ್ನುತ್ತಾರೆ. ಅಲ್ಲಿನ ಊರುಗಳ ದಿನನಿತ್ಯದ ಬಾಳು ನಡೆಯುವುದೇ ಅದರ ಸುತ್ತ. ಸಂತ್ರಸ್ತರಿಂದ ಏನನ್ನೂ ತೆಗೆದುಕೊಳ್ಳಬಾರದೆಂಬ ಒಳ್ಳೆಯ ಉದ್ದೇಶದಿಂದ ಕೆಲವು ತಂಡಗಳು ತಮ್ಮದೇ ನೀರಿನ ಬಾಟಲಿ ತಂದು, ಚಹಾ ಬೇಡವೆಂದು ಹೊರಗೇ ನಿಂತು ಸಾಮಾನು ಹಂಚಿ ಹೋಗುತ್ತಿದ್ದವು. ಆ ಅಜ್ಜಿಯರಿಗೆ ಆಗುತ್ತಿದ್ದ ನಿರಾಸೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಂಗಳುಗಟ್ಟಲೆ ಕೈಚಾಚಿ ಪಡೆಯುತ್ತಲೇ ಇದ್ದವರಿಗೆ, ತನ್ನ ಮನೆಗೆ ಬಂದವರಿಗೆ ತಾನು ಬಡಿಸುತ್ತೇನೆ ಎನ್ನುವ ಆ ಅರ್ಧ ಗಂಟೆ ಮನೆಯೊಡತಿಯ ಸ್ಥಾನವನ್ನು ಮರಳಿ ಕೊಡುತ್ತಿತ್ತು. ಧಾರವಾಡದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದೇ. ಹಣವನ್ನು ಕಳುಹಿಸಬಹುದು, ಕಳುಹಿಸಲೂಬೇಕು. ಆದರೆ ಹಣಕ್ಕೆ ಚಹಾ ಬಡಿಸಲು ಆಗುವುದಿಲ್ಲ.

ಎಚ್ಚರಿಕೆಯ ಒಂದು ಮಾತೂ ಇದೆ. ಚಹಾ ಕುಡಿಯಲು ಕರೆದವರ ಮನೆಯಲ್ಲಿ ಕುಳಿತು, ಕೇಳದಿದ್ದರೂ ಉಪದೇಶ ಮಾಡುವುದು ಅಲ್ಲಿ ಬಹಳ ನೋವುಂಟುಮಾಡಿತು. ತೊಹೊಕು ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಆರಂಭವಾದ ತರಬೇತಿಯೊಂದರಲ್ಲಿ ಬೌದ್ಧ, ಕ್ರೈಸ್ತ ಮತ್ತು ಜಪಾನಿನ ಮೂಲ ಮತವಾದ ಶಿಂತೋ ಸೇವಕರು ಜೊತೆಯಾಗಿ, ಮತಪ್ರಚಾರವನ್ನು ಬದಿಗಿಟ್ಟು ದುಃಖಿತರ ಮಾತನ್ನು ಆಲಿಸುವುದನ್ನು ಕಲಿಯುತ್ತಾರೆ. ನಿಮ್ಮ ತಂಡದವರು ಕನಿಷ್ಠ ಆ ದೃಷ್ಟಿಯನ್ನಾದರೂ ತಿಳಿದು ಹೋಗಲಿ. ಅವರು ಕಳೆದುಕೊಂಡವರ ಬಗ್ಗೆ ನೀವಾಗಿ ಕೇಳಬೇಡಿ. ಗೋಡೆಯ ಮೇಲಿನ ಭಾವಚಿತ್ರವನ್ನು ಅವರೇ ತೋರಿಸಿದರೆ ಪಕ್ಕದಲ್ಲಿ ಕುಳಿತು ನೋಡಿ.

ಯುವಜನ ಕೂಟದ ಸಂಚಾಲಕಿ, ಬೆಂಗಳೂರು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನಮ್ಮ ತಂಡದ ಪರವಾಗಿ ಕೃತಜ್ಞತೆಗಳು. ಇನ್ನೆರಡು ಸಂದೇಹಗಳಿವೆ. ನಮ್ಮಲ್ಲಿ ಇಬ್ಬರು ಶಾಕಾಹಾರಿಗಳು. ಆತಿಥೇಯರಿಗೆ ತೊಂದರೆಯಾಗಬಾರದೆಂದು ಪ್ರಶ್ನಾವಳಿಯಲ್ಲಿ ಏನನ್ನೂ ಬರೆಯದೆ ಬಿಡುವುದು ಒಳ್ಳೆಯದೆಂದು ಅವರು ಎಣಿಸಿದ್ದಾರೆ. ಎರಡನೆಯದು ಉಡುಗೊರೆ ಮತ್ತು ಹಣದ ವಿಷಯ. ಮನೆಯವರಿಗೆ ಊಟ ವಸತಿಯ ಖರ್ಚನ್ನು ಕೊಡಬಹುದೇ?

ನಿಶಿಕಸಾಯಿ ನಿವಾಸಿ, ಟೋಕಿಯೋ

ಶಾಕಾಹಾರದ ವಿಷಯವನ್ನು ದಯವಿಟ್ಟು ಈಗಲೇ, ಸ್ಪಷ್ಟವಾಗಿ ಬರೆಯಿರಿ. ಮುಚ್ಚಿಟ್ಟು, ಮೂರು ದಿನ ಕಷ್ಟಪಟ್ಟು ಮಾಡಿದ ಅಡುಗೆಯನ್ನು ಮೇಜಿನ ಮುಂದೆ ಕುಳಿತು ಬೇಡವೆನ್ನುವುದು ಆತಿಥೇಯರಿಗೆ ಬಹಳ ನೋವು ಕೊಡುತ್ತದೆ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಬರೆದರೆ ಸಾಲದು, ಮೀನು ಬಡಿಸುತ್ತಾರೆ. ಮೀನೂ ಬೇಡವೆಂದರೆ ಒಣಮೀನಿನ ಸಾರದಲ್ಲಿ ಕುದಿಸಿದ ತರಕಾರಿ ಬರುತ್ತದೆ. ಇಲ್ಲಿನ ಸೂಪು, ಸಾಸು, ಬೇಯಿಸಿದ ಪಲ್ಯ ಎಲ್ಲಕ್ಕೂ ಬುನಾದಿ ಆ ಸಾರವೇ. ಮಾಂಸ, ಮೀನು, ಮೀನಿನ ಸಾರ ಮೂರನ್ನೂ ಬಿಡಿಸಿ ಬರೆದು, ಮೊಟ್ಟೆ ಹಾಲು ಆಗುತ್ತದೆಯೇ ಎಂಬುದನ್ನೂ ತಿಳಿಸಿ. ಕೊಂಬು ಎಂಬ ಸಮುದ್ರಪಾಚಿಯಿಂದ ಸಾರ ತೆಗೆಯುವುದು ಅವರಿಗೆ ಗೊತ್ತು, ಬೌದ್ಧ ಮಠಗಳ ಸಸ್ಯಾಹಾರದ ಪರಂಪರೆಯೂ ಇಲ್ಲಿದೆ. ಮುಂಚಿತವಾಗಿ ತಿಳಿದರೆ ಅವರು ಆ ಅಡುಗೆಯನ್ನು ಸಂತೋಷದಿಂದ ಮಾಡುತ್ತಾರೆ. ಒಂದು ಸಂಜೆ ನೀವೇ ಅಡುಗೆ ಮಾಡುತ್ತೇವೆಂದು ಕೇಳುವುದಾದರೂ ಮೊದಲೇ ಕೇಳಿ. ಅಡುಗೆಮನೆ ಚಿಕ್ಕದು, ಒಲೆ ಬೇರೆ ಬಗೆಯದು. ಬೇಳೆಯೂ ಮಸಾಲೆಯೂ ನಮ್ಮ ನಿಶಿಕಸಾಯಿಯ ಅಂಗಡಿಗಳಲ್ಲಿ ಸಿಗುತ್ತವೆ, ನಾನು ತಂದುಕೊಡುತ್ತೇನೆ.

ಉಡುಗೊರೆ ಚಿಕ್ಕದಾಗಿರಲಿ. ದೊಡ್ಡದನ್ನು ಕೊಟ್ಟರೆ ಅದಕ್ಕೆ ಪ್ರತಿಯಾಗಿ ಏನನ್ನು ಕೊಡುವುದೆಂಬ ಚಿಂತೆಯನ್ನು ಅವರ ತಲೆಗೆ ಕಟ್ಟಿದಂತೆ. ಒಂದೊಂದಾಗಿ ಪೊಟ್ಟಣ ಕಟ್ಟಿದ ಸಿಹಿ, ಚಿಕ್ಕಮಗಳೂರಿನ ಕಾಫಿಪುಡಿ, ಚನ್ನಪಟ್ಟಣದ ಪುಟ್ಟ ಗೊಂಬೆ ಒಪ್ಪುತ್ತವೆ. ನಾಲ್ಕರ ಕಟ್ಟು ಬೇಡ, ಇಲ್ಲಿ ಅದು ಅಶುಭವೆಂದು ಎಣಿಕೆ. ಮಾಂಸದ ತಿನಿಸನ್ನೂ ತಪಾಸಣಾಪತ್ರವಿಲ್ಲದ ಹಣ್ಣನ್ನೂ ತರಬೇಡಿ, ವಿಮಾನ ನಿಲ್ದಾಣದಲ್ಲಿಯೇ ಹೋಗುತ್ತವೆ. ಕೊಡುವಾಗ ಎರಡೂ ಕೈಗಳಲ್ಲಿ ಹಿಡಿದು ಕೊಡಿ. ಮನೆಯವರ ಕೈಗೆ ಹಣ ಕೊಡಬೇಡಿ, ಅವರು ತೆಗೆದುಕೊಳ್ಳುವುದಿಲ್ಲ. ಖರ್ಚಿಗೆಂದು ಇಟ್ಟುಕೊಂಡಿರುವುದನ್ನು ಹೊಸ ಲಕೋಟೆಯಲ್ಲಿ ಹಾಕಿ, ತಂಡದ ಹೆಸರು ಬರೆದು, ಭಾನುವಾರದ ಕಾಣಿಕೆಯಾಗಿ ಸಭೆಗೆ ಸಲ್ಲಿಸಿ.

ಊಟವಾದ ಮೇಲೆ ಪಾತ್ರೆ ತೊಳೆಯಲು ಎದ್ದರೆ ಮೊದಲ ಸಲ ಬೇಡವೆನ್ನುತ್ತಾರೆ. ಎರಡನೆಯ ಸಲ ಕೇಳಿ. ಮೂರನೆಯ ಸಲಕ್ಕೂ ಬೇಡವೆಂದರೆ ಕುಳಿತುಕೊಂಡು ಅವರೊಂದಿಗೆ ಮಾತನಾಡಿ.

ಧಾರವಾಡದ ಓದುಗ

ಅಯ್ಯನವರ ಮಾತನ್ನೂ ಶಿವಮೊಗ್ಗದ ತಂಗಿಯ ಅನುಭವವನ್ನೂ ಎರಡು ಸಲ ಓದಿದೆ. ಹಣಕ್ಕೆ ಚಹಾ ಬಡಿಸಲಾಗದೆಂಬ ಮಾತನ್ನು ಒಪ್ಪುತ್ತೇನೆ. ಉಳಿದದ್ದು ಒಂದೇ ಪ್ರಶ್ನೆ. ಅತಿಥಿಯಾಗಿರುವುದು ಇಷ್ಟು ಬೆಲೆಯುಳ್ಳದ್ದಾದರೆ, ಆ ಜಪಾನೀ ಸಭೆಯವರು ನಮ್ಮ ಮನೆಗಳಲ್ಲಿ ಬಂದು ಇರುವುದು ಯಾವಾಗ? ತೋಚಿಗಿ ಪ್ರಾಂತ್ಯದಲ್ಲಿ 1973ರಲ್ಲಿ ಸ್ಥಾಪನೆಯಾದ ಏಷ್ಯನ್ ರೂರಲ್ ಇನ್‌ಸ್ಟಿಟ್ಯೂಟ್ ನನಗೆ ನೆನಪಾಗುತ್ತಿದೆ. ಭಾರತವೂ ಸೇರಿದಂತೆ ಹಲವು ದೇಶಗಳ ಗ್ರಾಮೀಣ ಕಾರ್ಯಕರ್ತರು ಅಲ್ಲಿ ಬೆಳೆ ಬೆಳೆದು, ಸರದಿಯಲ್ಲಿ ಅಡುಗೆ ಮಾಡಿ, ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಅಲ್ಲಿ ಬಡಿಸುವವರು ಬೇರೆ, ಉಣ್ಣುವವರು ಬೇರೆ ಎಂದಿಲ್ಲ. ನಮ್ಮ ಯಾತ್ರೆಗಳಲ್ಲಿ ಹೋಗುವವರು ಯಾವಾಗಲೂ ನಾವೇ, ಉಪಚರಿಸುವವರು ಯಾವಾಗಲೂ ಅವರೇ ಆಗಬಾರದು.

ಯುವಜನ ಕೂಟದ ಸಂಚಾಲಕಿ, ಬೆಂಗಳೂರು

ಹಿರಿಯರ ಈ ಪ್ರಶ್ನೆಯನ್ನು ನಿನ್ನೆ ಸಭಾ ಸಮಿತಿಯ ಮುಂದಿಟ್ಟೆ. ಮುಂದಿನ ಚಳಿಗಾಲದಲ್ಲಿ ಅವರ ಸಭೆಯಿಂದ ಬರಬಹುದಾದವರನ್ನು ನಮ್ಮ ಮನೆಗಳಿಗೆ ಕರೆಯುವುದೆಂದು ತೀರ್ಮಾನವಾಯಿತು, ಆ ಆಹ್ವಾನಪತ್ರವನ್ನು ನಮ್ಮ ತಂಡವೇ ಕೈಯಾರೆ ಒಯ್ದು ಕೊಡಲಿದೆ. ಬರುವವರಲ್ಲಿ ವಯಸ್ಸಾದವರೇ ಹೆಚ್ಚಿರಬಹುದಾದ್ದರಿಂದ ನೆಲಮಹಡಿಯ ಕೋಣೆ, ಕುರ್ಚಿಯಂತೆ ಕೂರುವ ಶೌಚಾಲಯ, ಸಂಜೆಯ ಸ್ನಾನಕ್ಕೆ ಧಾರಾಳ ಬಿಸಿನೀರು ಇರುವ ಮನೆಗಳ ಪಟ್ಟಿಯನ್ನು ಮಾಡುತ್ತಿದ್ದೇವೆ. ಖಾರ ಕಡಿಮೆ ಹಾಕಿ ಅಡುಗೆ ಮಾಡಬಲ್ಲವರ ಹೆಸರುಗಳನ್ನು ಮಹಿಳಾ ಸಂಘದವರು ಬರೆದುಕೊಳ್ಳುತ್ತಿದ್ದಾರೆ. ಶಾಕಾಹಾರಿಗಳಿಬ್ಬರೂ ಪ್ರಶ್ನಾವಳಿಯನ್ನು ತಿದ್ದಿ ಇಂದು ಬೆಳಿಗ್ಗೆ ಕಳುಹಿಸಿದರು.